ಆರ್‌ಸಿ ಪುಸ್ತಕದಲ್ಲಿರುವ ಜೀಪು

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ಹೈದರಾಬಾದಿನ ಬೇಗಂ ಬಜಾರ್‌ಗೆ ಹೋಗಿದ್ದೆ. ಬೇಕಾಗಿದ್ದು ಮೂರೇ ವಸ್ತು: ಗಟ್ಟಿ ಹಗ್ಗ, ಒಂದು ತಾಡಪಾಲು, ಎರಡು ಉದ್ದನೆಯ ಕಬ್ಬಿಣದ ಸರಪಳಿ. ಸರಪಳಿ ಎಷ್ಟು ದಪ್ಪ ಇರಬೇಕೆಂದು ಬೆರಳು ಹಿಡಿದು ತೋರಿಸಿದಾಗ ಅಂಗಡಿಯ ಹಿರಿಯರು ಕನ್ನಡಕ ಮೇಲೆತ್ತಿ ನೋಡಿದರು. ‘ಹಾಥಿ ಬಾಂಧ್ನಾ ಹೈ ಕ್ಯಾ ಸಾಬ್?’ ಆನೆ ಕಟ್ಟಬೇಕೇನು ಎಂದು ಕೇಳಿದರು. ಆನೆಗಲ್ಲ, ಜೀಪಿನ ಚಕ್ರಕ್ಕೆ ಸುತ್ತಲು ಎಂದೆ. ‘ಒಂದೇ ಆಯಿತಲ್ಲ’ ಎಂದು ನಕ್ಕು ಸರಪಳಿ ತೂಕಕ್ಕೆ ಹಾಕಿದರು.

ಅವರದು ತಮಾಷೆ ಇರಬಹುದು. ಆದರೆ ಆ ಜಾಗಕ್ಕೆ ಒಪ್ಪುವ ಮಾತು. ಬೇಗಂ ಬಜಾರಿನ ಒಂದು ಭಾಗಕ್ಕೆ ಇಂದಿಗೂ ಫೀಲ್‌ಖಾನಾ ಎಂದೇ ಹೆಸರು. ಪರ್ಷಿಯನ್ ಭಾಷೆಯಲ್ಲಿ ‘ಫೀಲ್’ ಎಂದರೆ ಆನೆ. ಫೀಲ್‌ಖಾನಾ ಎಂದರೆ ಆನೆಲಾಯ. ಈ ಬಜಾರಿನ ಜಾಗವನ್ನು 1762ರಿಂದ 1803ರವರೆಗೆ ಆಳಿದ ನಿಜಾಮ್ ಅಲಿ ಖಾನರ ಪತ್ನಿ ಹಮ್ದಾ ಬೇಗಂ ವ್ಯಾಪಾರಿಗಳಿಗೆ ಬಿಟ್ಟುಕೊಟ್ಟರೆಂದು ಹೇಳುತ್ತಾರೆ. ಮಾರವಾಡಿಗಳು, ಗೋಸಾವಿ ಸಾಹುಕಾರರು ಇಲ್ಲಿ ನೆಲೆಯೂರಿದರು. ದಖ್ಖನ್ನಿನಲ್ಲಿ ದವಸ, ಉಪ್ಪು, ದಂಡಿನ ಸಾಮಾನು ದೂರದೂರಿಗೆ ಹೋಗುತ್ತಿದ್ದುದು ಬಂಜಾರರ ಹೇರೆತ್ತುಗಳ ಬೆನ್ನ ಮೇಲೆ. ರಸ್ತೆಯಿಲ್ಲದ ಕಡೆ ಸಾಗುವುದು ಆಗ ಯಾರ ಹವ್ಯಾಸವೂ ಅಲ್ಲ, ದಿನದ ಕೆಲಸ.

ಸರಪಳಿ ಬೇಕಾಗಿದ್ದದ್ದು ನನ್ನ ಸೋದರಮಾವನ ಜೀಪಿಗೆ. ಬೀದರ್ ಕಡೆಯ ನಮ್ಮೂರಿಗೆ ಮಳೆಗಾಲದಲ್ಲಿ ಬಸ್ಸು ಬರುತ್ತಿರಲಿಲ್ಲ. ಎರೆಮಣ್ಣು ನೆನೆದರೆ ಎತ್ತಿನ ಗಾಡಿಯ ಚಕ್ರವೂ ತಿರುಗದು. ಮಾವ ಸರ್ಕಾರಿ ಹರಾಜಿನಲ್ಲಿ ಕೊಂಡ ಮಹೀಂದ್ರ ಸಿಜೆ-3ಬಿ ಜೀಪೊಂದೇ ಹೆರಿಗೆಗೆ, ಹಾವು ಕಡಿದವರಿಗೆ, ಮದುವೆಗೆ. ಮಾವ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು, ಹೈದರಾಬಾದಿಗೆ ತಂದೆ. ಅದರ ನೋಂದಣಿ ನವೀಕರಿಸಬೇಕಿತ್ತು. ಆರ್‌ಸಿ ಪುಸ್ತಕ ತೆಗೆದು ಬಾನೆಟ್ಟಿನ ಕೆಳಗೆ ಇಣುಕಿ ನೋಡಿದಾಗ, ಈ ಗಾಡಿಯ ‘ಮೂಲ’ ಯಾವುದೆಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು.

ಯುದ್ಧದ ಗಾಡಿ, ಬಿಡಿಓ ಗಾಡಿ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧಕ್ಕೆ. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 1941ರಿಂದ 1945ರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಅದರ ಶಕ್ತಿ ಎಂಜಿನ್ನಿನಲ್ಲಿದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಆ ಎಂಜಿನ್ ಬರೀ 2.2 ಲೀಟರಿನದು, 60 ಅಶ್ವಶಕ್ತಿ. ನಿಜವಾದ ಶಕ್ತಿ ಗೇರುಗಳಲ್ಲಿತ್ತು. ಮೊದಲ ಗೇರಿನ ಅನುಪಾತ 2.66, ಟ್ರಾನ್ಸ್‌ಫರ್ ಕೇಸಿನ ‘ಲೋ’ 1.97, ಆಕ್ಸಲಿನದು 4.88. ಮೂರನ್ನೂ ಗುಣಿಸಿ ನೋಡಿ: ಎಂಜಿನ್ ಇಪ್ಪತ್ತೈದಕ್ಕೂ ಹೆಚ್ಚು ಸುತ್ತು ತಿರುಗಿದಾಗ ಚಕ್ರ ತಿರುಗುವುದು ಒಂದೇ ಸುತ್ತು. ಗಾಡಿ ಆಮೆಯಂತೆ ಸಾಗುತ್ತದೆ, ಆದರೆ ನಿಲ್ಲುವುದಿಲ್ಲ.

ಯುದ್ಧ ಮುಗಿದ ಮೇಲೆ ಈ ಗಾಡಿಗಳು ಹಳೆಯ ಮಾಲಾಗಿ ಜಗತ್ತಿನೆಲ್ಲೆಡೆ ಮಾರಾಟವಾದವು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೇ ಹಳೇ ಜೀಪಿನದು. 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು, ಹೈದರಾಬಾದಿನ ಪ್ರಶ್ನೆಯೂ ಇತ್ಯರ್ಥವಾಗಿರಲಿಲ್ಲ. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೇನೆಗಾಗಿ ರಿಪೇರಿ ಮಾಡಿದ ಜೀಪುಗಳಿಗೆ ಒಪ್ಪಂದ ಮಾಡಿಕೊಂಡರು. ಬಂದದ್ದು 155. ಅವು ಉಪಯೋಗಕ್ಕೆ ಬಾರವೆಂದು ಸೇನೆ ಬೇಡವೆಂದಿತು. ಹಳೇ ಗಾಡಿ ಕೊಳ್ಳುವಾಗ ಚಾಸಿಯ ಕೆಳಗೆ ಮಲಗಿ ನೋಡದೆ ದುಡ್ಡು ಕೊಡಬಾರದು ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

ಇಲ್ಲಿಯೇ ಜೀಪು ಜೋಡಿಸುವ ಕೆಲಸ ಹಿಡಿದವರು ಮಹೀಂದ್ರ ಸೋದರರು. 1945ರ ಅಕ್ಟೋಬರ್ 2ರಂದು ಶುರುವಾದ ಕಂಪನಿಯ ಹೆಸರು ‘ಮಹೀಂದ್ರ ಅಂಡ್ ಮೊಹಮ್ಮದ್’. ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿ ‘ಮಹೀಂದ್ರ ಅಂಡ್ ಮಹೀಂದ್ರ’ ಆಯಿತು. ವಿಲ್ಲಿಸ್‌ನವರು 1953ರಲ್ಲಿ ತಂದ ಸಿಜೆ-3ಬಿ ಮಾದರಿಯೇ ಮುಂದೆ ಭಾರತದ ಜೀಪಾಯಿತು. ಅದರ ಎಂಜಿನ್ ಹಿಂದಿನದಕ್ಕಿಂತ ಎತ್ತರ, ಹಾಗಾಗಿ ಬಾನೆಟ್ಟನ್ನೂ ಎತ್ತರಿಸಿದ್ದರು. ಅಮೆರಿಕದಲ್ಲಿ ಅದು 1960ರ ದಶಕ ಮುಗಿಯುವುದರೊಳಗೆ ನಿಂತುಹೋಯಿತು. ಇಲ್ಲಿ ಅದರ ಸಂತತಿ ಇನ್ನೂ ಹಲವು ದಶಕ ಓಡಿತು.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದ ಮೇಲೆ ಜೀಪು ಬ್ಲಾಕು ಬ್ಲಾಕಿಗೆ ಬಂತು. ಹಳ್ಳಿಯಲ್ಲಿ ಧೂಳೆದ್ದರೆ ಬಿಡಿಓ ಬಂದರು ಎಂದು ಅರ್ಥ. ಆ ಗಾಡಿಗಳು ಹಳೆಯದಾಗಿ ಹರಾಜಿಗೆ ಬಂದಾಗ ರೈತರು, ಎಸ್ಟೇಟಿನವರು, ಗುತ್ತಿಗೆದಾರರು ಕೊಂಡರು. ಮಾವನ ಜೀಪೂ ಹಾಗೆಯೇ ಬಂದದ್ದು.

ಡೀಸೆಲ್ ಕಸಿ

ಹರಾಜಿನ ಜೀಪು ಅಗ್ಗಕ್ಕೆ ಸಿಗುತ್ತಿತ್ತು. ಓಡಿಸುವುದು ಅಗ್ಗವಾಗಿರಲಿಲ್ಲ. 1973ರಲ್ಲಿ ಒಮ್ಮೆ, 1979ರಲ್ಲಿ ಮತ್ತೊಮ್ಮೆ ಜಗತ್ತಿನ ಎಣ್ಣೆಯ ಬೆಲೆ ಏರಿದಾಗ ಪೆಟ್ರೋಲ್ ಜೀಪುಗಳು ಅಂಗಳದಲ್ಲೇ ನಿಂತವು. ಆಗ ಮಿಸ್ತ್ರಿಗಳು ಕೈಹಾಕಿದ್ದು ಭಾರತದ ಜೀಪಿನ ಅತಿ ದೊಡ್ಡ ಮಾರ್ಪಾಡಿಗೆ: ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸುವುದು.

ಕೇಳಲು ಸುಲಭ, ಮಾಡಲು ಕಷ್ಟ. ಹೊಸ ಎಂಜಿನ್ನಿನ ಬೆನ್ನಿಗೂ ಹಳೆಯ ಗೇರ್‌ಬಾಕ್ಸಿನ ಮುಖಕ್ಕೂ ಬೋಲ್ಟಿನ ತೂತು ಹೊಂದುವುದಿಲ್ಲ. ನಡುವೆ ದಪ್ಪ ಉಕ್ಕಿನ ತಟ್ಟೆ ಕೊರೆದು ಕೂರಿಸಬೇಕು. ಅದರ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ಚು ಬಹುಕಾಲ ಬಾಳದು. ಡೀಸೆಲ್ ಎಂಜಿನ್ ಭಾರ, ಆದ್ದರಿಂದ ಮುಂದಿನ ಕಮಾನುಪಟ್ಟಿಗೆ ಒಂದು ಎಲೆ ಸೇರಿಸಬೇಕು. ಅದು ನಡುಗುವುದೂ ಹೆಚ್ಚು. ಎಂಜಿನ್ ಕೂರುವ ರಬ್ಬರು ಬದಲಾಗಬೇಕು. ನಕ್ಷೆ ಇಲ್ಲದೆ, ಲೇತ್ ಅಂಗಡಿಯವನ ಕಣ್ಣಳತೆ ಮತ್ತು ಮಿಸ್ತ್ರಿಯ ಕಿವಿ ನಂಬಿ ನಡೆದ ಕೆಲಸ ಇದು.

ಬೀದಿ ಬದಿಯ ಗ್ಯಾರೇಜು ಮತ್ತು ಕಾರ್ಖಾನೆ ಎರಡೂ ಒಂದೇ ದಿಕ್ಕಿನಲ್ಲಿ ನಡೆಯುತ್ತಿದ್ದವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆಗೂಡಿ 1963ರಿಂದ ಟ್ರ್ಯಾಕ್ಟರ್ ಕೆಲಸಕ್ಕೆ ಇಳಿದಿದ್ದ ಮಹೀಂದ್ರದವರು ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ನನ್ನೇ ಜೀಪಿಗೂ ಹೊಂದಿಸಿದರು. 1979ರಲ್ಲಿ ಫ್ರಾನ್ಸಿನ ಪ್ಯೂಜೋ ಜೊತೆ ಒಪ್ಪಂದವಾಯಿತು. ಆ 2112 ಸಿಸಿ, 62 ಅಶ್ವಶಕ್ತಿಯ ಎಂಜಿನ್ 1980ರ ದಶಕದ ಎಂಎಂ-540 ಜೀಪಿಗೆ ಬಂತು. ಯುದ್ಧಕಾಲದ ಜೀಪಿಗಿಂತ ಎರಡೇ ಅಶ್ವಶಕ್ತಿ ಹೆಚ್ಚು. ಜನರಿಗೆ ಬೇಕಾಗಿದ್ದದ್ದು ವೇಗವಲ್ಲ, ಲೀಟರಿಗೆ ಇನ್ನೊಂದಿಷ್ಟು ಕಿಲೋಮೀಟರು.

ನಮ್ಮ ಜೀಪಿಗೆ ಡೀಸೆಲ್ ಬಂದದ್ದೂ ಆ ದಶಕದಲ್ಲೇ. ಅದಕ್ಕೆ ಅತ್ತೆಯ ಎರಡೆಳೆ ಸರ ಅಡವಿಗೆ ಹೋಯಿತೆಂದು ಅಮ್ಮ ಹೇಳುತ್ತಿದ್ದಳು.

ಸೇನೆಯಿಂದ ಕಾಡುದಾರಿಗೆ

ಗಾಡಿಯನ್ನು ಸಂತೋಷಕ್ಕಾಗಿ ಕಾಡುದಾರಿಗೆ ಸಿದ್ಧಪಡಿಸುವ ಹವ್ಯಾಸ ಬಂದದ್ದು ಆಮೇಲೆ. ಅದಕ್ಕೂ ಮೂಲ ಬಂಡವಾಳ ಸೇನೆಯ ಹಳೇ ಗಾಡಿಗಳೇ. ಜಬಲ್‌ಪುರದ ಕಾರ್ಖಾನೆಯಲ್ಲಿ ನಿಸ್ಸಾನ್ ಮಾದರಿಯ ಮೇಲೆ ತಯಾರಾದ ಜೋಂಗಾ ಅವುಗಳಲ್ಲೊಂದು. ಅದರ ಹೆಸರೇ ಜಬಲ್‌ಪುರ ಆರ್ಡ್‌ನೆನ್ಸ್ ಅಂಡ್ ಗನ್‌ಕ್ಯಾರೇಜ್ ಅಸೆಂಬ್ಲಿ ಎಂಬುದರ ಸಂಕ್ಷೇಪ. ಆರು ಸಿಲಿಂಡರಿನ ಸುಮಾರು ನಾಲ್ಕು ಲೀಟರ್ ಪೆಟ್ರೋಲ್ ಎಂಜಿನ್ನಿನ ಅದರ ಹಸಿವು ತಾಳಲಾರದೆ ಕೊಂಡವರು ಅದಕ್ಕೂ ಡೀಸೆಲ್ ಕಸಿ ಮಾಡಿದರು. ಇನ್ನೊಂದು ಮಾರುತಿ ಜಿಪ್ಸಿ. 1985ರಲ್ಲಿ 970 ಸಿಸಿ ಎಂಜಿನ್ನಿನೊಂದಿಗೆ ಬಂದು, 1996ರಲ್ಲಿ 1298 ಸಿಸಿಗೆ ಏರಿತು. ಜೀಪಿನ ಮುಂದೆ ಅದು ಹಗುರ ಗಾಡಿ. ಕೆಸರಿನಲ್ಲಿ ಹಗುರವೇ ದೊಡ್ಡ ಗುಣ: ಹೂತರೆ ನಾಲ್ಕು ಜನ ಸೇರಿ ಎತ್ತಬಹುದು.

ಕಾಡುದಾರಿಗೆ ಗಾಡಿ ಹೇಗಿರಬೇಕೆಂದು ಕಲಿಯಲು ಹವ್ಯಾಸಿಗಳ ಕೂಟಕ್ಕಿಂತ ಕೊಲ್ಲೂರಿಗೆ ಹೋಗುವುದು ಮೇಲು. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಹತ್ತಿಸುವ ಜೀಪುಗಳು, ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ಜೀಪುಗಳು ದಿನವೂ ಆ ಪರೀಕ್ಷೆ ಪಾಸು ಮಾಡುತ್ತವೆ. ಅವುಗಳಿಗೆ ಹೊಳೆಯುವ ಬಂಪರಿಲ್ಲ, ಭಾರೀ ಟೈರಿಲ್ಲ. ಹೆಚ್ಚುವರಿ ಎಲೆ ಹಾಕಿದ ಕಮಾನುಪಟ್ಟಿ, ಒಳಗೆ ಹಿಡಿದುಕೊಳ್ಳಲು ಕಂಬಿ, ದಾರಿಯ ಒಂದೊಂದು ಕಲ್ಲೂ ಗೊತ್ತಿರುವ ಚಾಲಕ. ಮಲೆನಾಡಿನ ಎಸ್ಟೇಟುಗಳಲ್ಲಿ ಮಳೆ ಜೋರಾದರೆ ಚಕ್ರಕ್ಕೆ ಸರಪಳಿ ಸುತ್ತುತ್ತಾರೆ. ಅದರ ಕೊಂಡಿಗಳು ಕೆಸರನ್ನು ಕಚ್ಚಿ ಹಿಡಿಯುತ್ತವೆ. ಮಾವನೂ ಎರೆಮಣ್ಣಿನಲ್ಲಿ ಅದನ್ನೇ ಮಾಡುತ್ತಿದ್ದ.

ನಾನು ಇದನ್ನೆಲ್ಲ ನೋಡಿಯೂ ಎಡವಿದೆ. ಜೀಪಿಗೆ 31 ಇಂಚಿನ ಟೈರು ಹಾಕಿಸಿ, ಅದು ಕೂರಲೆಂದು ಕಮಾನುಪಟ್ಟಿಗಳನ್ನೂ ಎತ್ತರಿಸಿದೆ. ನೋಡಲು ಗಂಭೀರವಾಗಿತ್ತು. ಲೆಕ್ಕ ಆಮೇಲೆ ತಿಳಿಯಿತು. ಹಳೆಯ ಟೈರಿನ ಎತ್ತರ ಸುಮಾರು 28 ಇಂಚು. ಮೂರು ಇಂಚು ಹೆಚ್ಚಿಸಿದರೆ ಆಕ್ಸಲ್ಲು ನೆಲದಿಂದ ಏರುವುದು ಒಂದೂವರೆ ಇಂಚು ಮಾತ್ರ, ಏಕೆಂದರೆ ಆಕ್ಸಲ್ಲಿರುವುದು ಚಕ್ರದ ನಡುವಿನಲ್ಲಿ. ಕಮಾನುಪಟ್ಟಿ ಎತ್ತರಿಸಿದರೆ ಬಾಡಿ ಏರುತ್ತದೆಯೇ ಹೊರತು ಕಲ್ಲಿಗೆ ತಾಗುವ ಡಿಫರೆನ್ಷಿಯಲ್ ಹೌಸಿಂಗ್ ಇದ್ದಲ್ಲೇ ಇರುತ್ತದೆ. ಟೈರು ದೊಡ್ಡದಾದಷ್ಟೂ ಗೇರಿನ ಎಳೆತ ಕಡಿಮೆ: ನನ್ನ ಜೀಪು ಸುಮಾರು ಹತ್ತರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಂಡಿತ್ತು. ಬಾಡಿ ಏರಿದ್ದರಿಂದ ಪ್ರೊಪೆಲ್ಲರ್ ಶಾಫ್ಟ್ ಕಡಿದಾದ ಕೋನದಲ್ಲಿ ತಿರುಗಬೇಕಾಯಿತು. ಮೂಸಿ ನದಿ ಹುಟ್ಟುವ ಅನಂತಗಿರಿ ಗುಡ್ಡದ ಕಡೆ, ವಿಕಾರಾಬಾದಿನ ಹತ್ತಿರ, ಶಾಫ್ಟಿನ ಕ್ರಾಸ್ ಮುರಿದು ರಾತ್ರಿ ಹತ್ತರವರೆಗೆ ಕೂತೆ. ಟ್ರ್ಯಾಕ್ಟರ್ ತಂದು ಎಳೆದ ರೈತರು ಜೀಪನ್ನು ಸುತ್ತಿ ನೋಡಿ, ಯಾಕೆ ಇಷ್ಟೆತ್ತರ ಮಾಡಿಸಿದಿರಿ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾನೂನಿನ ಕಣ್ಣಲ್ಲಿ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಬದಲಾವಣೆಗೆ ಸಂಬಂಧಿಸಿದ್ದು. ತಯಾರಕರು ನಿಗದಿಪಡಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಮಾಲೀಕ ವಾಹನವನ್ನು ಬದಲಿಸಬಾರದೆಂಬ ಮಾತು 2000ದ ತಿದ್ದುಪಡಿಯಿಂದ ಅದಕ್ಕೆ ಸೇರಿತು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು: ಬಣ್ಣ ಬದಲಿಸುವಂಥ ಸಣ್ಣಪುಟ್ಟದ್ದು ಸರಿ, ಮೂಲ ರಚನೆ ಮುಟ್ಟುವಂತಿಲ್ಲ. ಅನುಮತಿ ಪಡೆದು ಅದೇ ಬಗೆಯ ಎಂಜಿನ್ ಹಾಕಲು ಅವಕಾಶವಿದೆ. ಜೊತೆಗೆ 15 ವರ್ಷ ಮೀರಿದ ಕಾರುಗಳ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5000ಕ್ಕೆ ಏರಿತು.

ಹವ್ಯಾಸಿಗಳು ಈ ತೀರ್ಪನ್ನು ಬೈಯುತ್ತಾರೆ. ನನಗೆ ಪೂರ್ತಿ ಬೈಯಲು ಮನಸ್ಸಿಲ್ಲ. ಬಾಡಿ ಎತ್ತರಿಸಿದ ಜೀಪು ಹೆದ್ದಾರಿಯ ತಿರುವಿನಲ್ಲಿ ಮಗುಚಿದರೆ ಸಾಯುವವನು ಎದುರಿನ ಬೈಕಿನವನೂ ಆಗಿರಬಹುದು. ಆದರೆ ಅನಿವಾರ್ಯಕ್ಕೆ ಆದ ಬದಲಾವಣೆಯನ್ನೂ ಶೋಕಿಗೆ ಆದ ಬದಲಾವಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಬಿಡಿಭಾಗ ಸಿಗದ, ಪೆಟ್ರೋಲ್ ಕೈಗೆಟುಕದ ಕಾಲದಲ್ಲಿ ಮಿಸ್ತ್ರಿಗಳು ಕೈಹಾಕದಿದ್ದರೆ ಈ ಗಾಡಿಗಳು ಅಂದೇ ಗುಜರಿಗೆ ಹೋಗುತ್ತಿದ್ದವು. ಹಳೇ ಗಾಡಿಯ ಬ್ರೇಕು, ತೂಕ, ಬೆಸುಗೆ ಪರೀಕ್ಷಿಸಿ ‘ಇದು ಸುರಕ್ಷಿತ’ ಎಂದು ಬರೆದುಕೊಡುವ ದಾರಿಯೊಂದು ಇರಬೇಕಿತ್ತು.

ನವೀಕರಣದ ದಿನ ನಾನು ಹೆದರಿದ್ದು ಎಂಜಿನ್ನಿಗೆ. ಆರ್‌ಸಿ ಪುಸ್ತಕದ ಮೊದಲ ಪುಟದಲ್ಲಿ ಇಂಧನ ‘ಪೆಟ್ರೋಲ್’ ಎಂದೇ ಇತ್ತು. ಪುಟ ತಿರುವಿದಾಗ ಹಳೆಯ ನೀಲಿ ಶಾಯಿಯಲ್ಲಿ ಹೊಸ ಎಂಜಿನ್ನಿನ ನಂಬರು, ‘ಡೀಸೆಲ್’ ಎಂಬ ಪದ, ಮೇಲೊಂದು ದುಂಡು ಮೊಹರು ಕಂಡವು. ಸರ ಅಡವಿಟ್ಟು ಎಂಜಿನ್ ಬದಲಿಸಿದ ಮಾವ, ಆ ಕೆಸರುದಾರಿಯಲ್ಲಿ ಜಿಲ್ಲಾ ಕಚೇರಿಗೆ ಅಲೆದು ಅದನ್ನು ಪುಸ್ತಕಕ್ಕೂ ಏರಿಸಿದ್ದ. ಪುಸ್ತಕದಲ್ಲಿ ಇಲ್ಲದ್ದು ನಾನು ಮಾಡಿಸಿದ್ದು ಮಾತ್ರ. ದೊಡ್ಡ ಟೈರು ಮಾರಿದೆ, ಕಮಾನುಪಟ್ಟಿ ಮೊದಲಿನ ಎತ್ತರಕ್ಕೆ ಇಳಿಸಿದೆ. ಹಾಗೆ ಇಳಿಸಿದ ಮೇಲೆಯೇ ಬೇಗಂ ಬಜಾರ್‌ಗೆ ಸರಪಳಿ ತರಲು ಹೋಗಿದ್ದು.

ಆ ಮಳೆಗಾಲದಲ್ಲಿ ಊರಿಗೆ ಹೋದೆ. ಈಗ ಊರವರೆಗೂ ಡಾಂಬರಿದೆ. ಹೊಲಕ್ಕೆ ಹೋಗುವ ಅರ್ಧ ಮೈಲಿ ಮಾತ್ರ ಹಳೆಯ ದಾರಿ. ಹಿಂದಿನ ಎರಡು ಚಕ್ರಕ್ಕೆ ಸರಪಳಿ ಸುತ್ತಿ, ‘ಲೋ’ಗೆ ಹಾಕಿ, ನಿಧಾನಕ್ಕೆ ಬಿಟ್ಟೆ. ಒಂದು ಕಡೆಯೂ ಹೂಳಲಿಲ್ಲ.