ಹೈಪರ್ಸ್ತೀನ್: ಸೂಕ್ಷ್ಮದರ್ಶಕದಲ್ಲಿ ಗುರುತು

ಚಾರ್ನೊಕೈಟ್ ಶಿಲೆಯ ಗುರುತಿನ ಖನಿಜ. ಕಬ್ಬಿಣ, ಮೆಗ್ನೀಸಿಯಂಗಳ ಸಿಲಿಕೇಟ್. ಮಂಡ್ಯ, ಮದ್ದೂರುಗಳ ಬೂದು ನೈಸ್ ಶಿಲೆ ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಸಾತನೂರಿನತ್ತ ಸಾಗುವಾಗ ಎಣ್ಣೆ ಸವರಿದಂಥ ಕಡುಹಸಿರು ಚಾರ್ನೊಕೈಟಿಗೆ ಎಡೆಕೊಡುತ್ತದೆ. ಬರಿಗಣ್ಣಿಗೆ ಅದು ಬರಿಯ ಕಡುಬಣ್ಣದ ಕಲ್ಲು. ಹೈಪರ್ಸ್ತೀನಿನ ಸಾಕ್ಷ್ಯ ಸಿಗುವುದು ಸೂಕ್ಷ್ಮದರ್ಶಕದಲ್ಲೇ.

ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ಉಜ್ಜಿ, ಧ್ರುವೀಕೃತ ಬೆಳಕಿನಲ್ಲಿಟ್ಟು ಪೀಠವನ್ನು ತಿರುಗಿಸಿದರೆ ಹೈಪರ್ಸ್ತೀನ್ ನಸುಗುಲಾಬಿಯಿಂದ ತಿಳಿಹಸಿರಿಗೆ ಬಣ್ಣ ಬದಲಿಸುತ್ತದೆ. ಒಮ್ಮೆ ಕಂಡವರು ಮರೆಯಲಾರದ ಚೆಲುವು ಅದು. ಆದರೆ ಕಬ್ಬಿಣ ಕಡಿಮೆಯಿದ್ದರೆ ಬಣ್ಣ ಮಸುಕು; ಅದೊಂದನ್ನೇ ನಂಬಬಾರದು. ಅಡ್ಡ ಛೇದದಲ್ಲಿ ಇದರ ಎರಡು ಸೀಳುಗಳು ಹೆಚ್ಚುಕಡಿಮೆ ಲಂಬಕೋನದಲ್ಲಿ ಕೂಡುತ್ತವೆ. ಇದರೊಡನೆ ಗೊಂದಲವಾಗಬಹುದಾದ ಹಾರ್ನ್‌ಬ್ಲೆಂಡ್ ಖನಿಜದಲ್ಲಿ ಆ ಕೋನ 56 ಮತ್ತು 124 ಡಿಗ್ರಿ. ಎರಡು ಧ್ರುವಕಗಳನ್ನು ಅಡ್ಡಹಾಯಿಸಿದಾಗ, ಉದ್ದ ಛೇದದ ಸೀಳುಗೆರೆ ಅಡ್ಡತಂತಿಗೆ ಸಮಾನಾಂತರವಾದೊಡನೆ ಹರಳು ಕಪ್ಪಾಗುತ್ತದೆ. ಇದನ್ನೇ ಹೋಲುವ ಆಗೈಟ್ ಖನಿಜ ಓರೆಯಾಗಿ ನಿಂತು ಕಪ್ಪಾಗುತ್ತದೆ. ನಿರ್ಣಾಯಕ ಪರೀಕ್ಷೆ ಇದೇ.

ಸಾತನೂರಿನ ಸಮೀಪದ ಕಬ್ಬಾಳದ ಕ್ವಾರಿಯಲ್ಲಿ ನೈಸ್ ನಡುವೆಯೇ ಚಾರ್ನೊಕೈಟ್ ಮಚ್ಚೆಗಳು ಮೂಡಿರುವುದನ್ನು ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಸುಮಾರು 250 ಕೋಟಿ ವರ್ಷಗಳ ಹಿಂದೆ, ನೀರಿನಂಶ ತಗ್ಗಿದ ಬಿಸಿಯಲ್ಲಿ ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡುಗಳು ಬೆಣಚಿನೊಡನೆ ವರ್ತಿಸಿ ಅಲ್ಲಿ ಹೈಪರ್ಸ್ತೀನ್ ಹುಟ್ಟಿತು.