ನಿದ್ದೆಯನ್ನು ಅಳೆದವರ ಕಥೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ, ಗೊರಕೆ ಹೊಡೆದು ಮಲಗುವವನು ಸುಖಿ ಎಂಬುದೇ ಜನರ ಎಣಿಕೆ. ಪಡಸಾಲೆಯಲ್ಲಿ ಮಲಗಿದ ಅಜ್ಜನ ಗೊರಕೆ ಒಳಮನೆಯವರೆಗೆ ಕೇಳಿದರೆ ಮನೆಮಂದಿ ನಗುತ್ತಾರೆಯೇ ಹೊರತು ವೈದ್ಯರನ್ನು ಕೇಳುವುದಿಲ್ಲ. ಆದರೆ ಆ ಗೊರಕೆ ಮತ್ತೆ ಮತ್ತೆ ತಟ್ಟನೆ ನಿಂತು, ಹತ್ತಿಪ್ಪತ್ತು ಸೆಕೆಂಡು ಮೌನವಾಗಿ, ಆಮೇಲೆ ಏದುಸಿರಿನೊಡನೆ ಪುನಃ ಆರಂಭವಾದರೆ ಅದು ಸುಖನಿದ್ರೆಯಲ್ಲ. ಅಜ್ಜನಿಗೆ ಉಸಿರು ಕಟ್ಟುತ್ತಿದೆ ಎಂದೇ ಶಂಕಿಸಬೇಕು.

ಮನುಷ್ಯ ಇದನ್ನು ಅರಿತದ್ದು ತೀರ ಈಚೆಗೆ. ಅರಿಯಬೇಕಾದರೆ ಒಬ್ಬರು ಮಲಗಿದ್ದಾಗ ಇನ್ನೊಬ್ಬರು ರಾತ್ರಿಯಿಡೀ ಎಚ್ಚರವಾಗಿದ್ದು ನೋಡಬೇಕಾಗಿತ್ತು. ಹಾಗೆ ನೋಡುವುದು ಇಂದು ಒಂದು ವೃತ್ತಿಯಾಗಿದೆ. ಆ ವೃತ್ತಿಯವರಿಗೆ ನಿದ್ರಾ ತಂತ್ರಜ್ಞರು ಎಂದು ಹೆಸರು. ಈ ವೃತ್ತಿ ಬೆಳೆದು ಬಂದ ಬಗೆಯನ್ನು ನೋಡೋಣ.

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಅದನ್ನು ಪ್ರಕಟಿಸಲು ಅವರು ಧೈರ್ಯ ಮಾಡಿದ್ದು 1929ರಲ್ಲಿ. ನಾವು ಇಂದು ಇ.ಇ.ಜಿ. ಎನ್ನುವುದು ಇದನ್ನೇ. 1937ರಲ್ಲಿ ಅಮೆರಿಕದ ಆಲ್ಫ್ರೆಡ್ ಲೂಮಿಸ್ ಮತ್ತು ಸಂಗಡಿಗರು ಈ ಅಲೆಗಳ ಆಧಾರದ ಮೇಲೆ ನಿದ್ದೆಯನ್ನು ಐದು ಹಂತಗಳಾಗಿ ವಿಂಗಡಿಸಿದರು. ಲೂಮಿಸ್ ಹಣಕಾಸು ವ್ಯವಹಾರದಲ್ಲಿ ಸಂಪತ್ತು ಗಳಿಸಿ, ಸ್ವಂತ ಖರ್ಚಿನಲ್ಲಿ ಪ್ರಯೋಗಾಲಯ ಕಟ್ಟಿಕೊಂಡಿದ್ದ ಮನುಷ್ಯ. ವಿಜ್ಞಾನಕ್ಕೆ ಇಂಥ ಹವ್ಯಾಸಿಗಳ ಋಣವೂ ಇದೆ.

ದೊಡ್ಡ ತಿರುವು ಬಂದದ್ದು ಷಿಕಾಗೋ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ನಥಾನಿಯಲ್ ಕ್ಲೈಟ್‌ಮನ್ನರ ಶಿಷ್ಯ ಯೂಜೀನ್ ಅಸೆರಿನ್‌ಸ್ಕಿ ಒಂದು ಹಳೆಯ ಯಂತ್ರವನ್ನು ಸರಿಪಡಿಸಿಕೊಂಡು, 1951ರಲ್ಲಿ ತಮ್ಮ ಎಂಟು ವರ್ಷದ ಮಗನ ಕಣ್ಣುಗಳ ಬಳಿ ತಂತಿಗಳನ್ನು ಅಂಟಿಸಿ ಮಲಗಿಸಿದರು. ನಡುರಾತ್ರಿ ಯಂತ್ರದ ಲೇಖನಿಗಳು ಒಮ್ಮೆಲೇ ಕುಣಿಯತೊಡಗಿದವು. ಹುಡುಗ ಎದ್ದಿರಬೇಕೆಂದು ಒಳಗೆ ಹೋಗಿ ನೋಡಿದರೆ ಅವನು ಗಾಢ ನಿದ್ದೆಯಲ್ಲಿದ್ದ. ಯಂತ್ರವೇ ಕೆಟ್ಟಿದೆಯೇನೋ ಎಂಬ ಅನುಮಾನವೂ ಅವರಿಗೆ ಬಂತು. ಯಂತ್ರ ಕೆಟ್ಟಿರಲಿಲ್ಲ, ನಿದ್ದೆಯ ನಡುವೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಒಂದು ಅವಸ್ಥೆ ಇದೆಯೆಂಬುದು ಸ್ಥಿರಪಟ್ಟಿತು. ಗುರುಶಿಷ್ಯರು 1953ರಲ್ಲಿ ಇದನ್ನು ಪ್ರಕಟಿಸಿದರು. ಕನಸುಗಳು ಹೆಚ್ಚಾಗಿ ಬೀಳುವುದು ಈ ಅವಸ್ಥೆಯಲ್ಲಿಯೇ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಕಾಗದ ಸೆಕೆಂಡಿಗೆ 10 ಮಿಲಿಮೀಟರಿನಂತೆ ಸರಿದರೆ ಎಂಟು ಗಂಟೆಯ ನಿದ್ದೆಗೆ 288 ಮೀಟರ್ ಕಾಗದ ಬೇಕು. ಮೂವತ್ತು ಸೆಕೆಂಡಿಗೆ ಒಂದು ಪುಟವೆಂದರೆ 960 ಪುಟ! ಪ್ರತಿಯೊಂದು ಪುಟವನ್ನೂ ಕಣ್ಣಿನಿಂದ ನೋಡಿ, ಇದು ಯಾವ ಹಂತ ಎಂದು ಗುರುತು ಹಾಕಬೇಕು. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಗುರುತು ಹಾಕಿದರೆ ರೋಗಿಯ ಗತಿಯೇನು? ಅದಕ್ಕಾಗಿ 1968ರಲ್ಲಿ ರೆಕ್ಟ್‌ಶಾಫೆನ್ ಮತ್ತು ಕೇಲ್ಸ್ ಸಂಪಾದಿಸಿದ ಕೈಪಿಡಿ ಎಲ್ಲರಿಗೂ ಒಂದೇ ನಿಯಮ ಹಾಕಿಕೊಟ್ಟಿತು. 2007ರಲ್ಲಿ ಹೊಸ ಕೈಪಿಡಿ ಬಂತು. ಈಗ ಕಾಗದದ ಜಾಗದಲ್ಲಿ ಕಂಪ್ಯೂಟರ್ ಇದೆ, ಆದರೆ ಮೂವತ್ತು ಸೆಕೆಂಡಿನ ‘ಪುಟ’ ಹಾಗೆಯೇ ಉಳಿದಿದೆ.

ಗೊರಕೆಯ ಗುಟ್ಟು ಬಯಲಾದದ್ದೂ ಇಂಥ ದಾಖಲೆಗಳಿಂದಲೇ. 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ವೈದ್ಯರು ಬೇರೆ ಬೇರೆಯಾಗಿ ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ದಾಖಲಿಸಿದರು. ಗಂಟಲಿಗೆ ರಂಧ್ರ ಕೊರೆಯುವುದೇ ಆಗ ಇದ್ದ ಮುಖ್ಯ ಚಿಕಿತ್ಸೆ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮೂಗಿನ ಮೂಲಕ ಒತ್ತಡದ ಗಾಳಿ ಕೊಟ್ಟು, ಕತ್ತರಿಯಿಲ್ಲದೆ ಗಂಟಲಿನ ದಾರಿ ತೆರೆದಿಡಬಹುದೆಂದು ತೋರಿಸಿದರು. ಆದರೆ ಯಾರಿಗೆ ಈ ಯಂತ್ರ ಬೇಕು, ಗಾಳಿಯ ಒತ್ತಡ ಎಷ್ಟಿರಬೇಕು ಎಂಬುದನ್ನು ರೋಗಿ ಮಲಗಿದ್ದಾಗಲೇ ಅಳೆಯಬೇಕಾಗಿತ್ತು. ಹೀಗೆ ನುರಿತ ತಂತ್ರಜ್ಞರ ಅಗತ್ಯ ಹೆಚ್ಚಿತು. ಅಮೆರಿಕದ ತಂತ್ರಜ್ಞರು 1978ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು, ಮರುವರ್ಷವೇ ಅರ್ಹತಾ ಪರೀಕ್ಷೆ ಆರಂಭಿಸಿದರು. ಗಮನಿಸಿ, ಈ ಪರೀಕ್ಷೆ ಸರ್ಕಾರ ಹೇರಿದ್ದಲ್ಲ.

ನಮ್ಮ ನಾಡಿನಲ್ಲಿ ಈ ವಿಷಯಕ್ಕೆ ನೆಲೆ ಕೊಟ್ಟ ಸಂಸ್ಥೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯವಾದುದು. ಮೈಸೂರು ರಾಜ್ಯದ ಮಾನಸಿಕ ಆಸ್ಪತ್ರೆ ಹಾಗೂ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿನ ನರಶರೀರಕ್ರಿಯಾ ವಿಭಾಗದ ಬಿಂದು ಕುಟ್ಟಿ ಮತ್ತು ಸಹೋದ್ಯೋಗಿಗಳು ಧ್ಯಾನ ಮಾಡುವವರ ನಿದ್ದೆಯನ್ನು ರಾತ್ರಿಯಿಡೀ ದಾಖಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ನಡುವಯಸ್ಸಿನಲ್ಲಿ ಗಾಢ ನಿದ್ದೆ ಕಡಿಮೆಯಾಗುವುದು ಸಹಜ; ಧ್ಯಾನಾಭ್ಯಾಸಿಗಳಲ್ಲಿ ಅದು ಅದೇ ವಯಸ್ಸಿನ ಇತರರಿಗಿಂತ ಹೆಚ್ಚಾಗಿ ಉಳಿದಿರುವುದು ಕಂಡುಬಂತು.

ತಂತ್ರಜ್ಞರಿಗೆ ಕಾನೂನಿನ ಮನ್ನಣೆ ಮಾತ್ರ ತಡವಾಗಿ ಬಂತು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ, ಇ.ಇ.ಜಿ. ತಂತ್ರಜ್ಞರ ಸಾಲಿನಲ್ಲಿಯೇ ನಿದ್ರಾ ಪ್ರಯೋಗಾಲಯದ ತಂತ್ರಜ್ಞರನ್ನೂ ಹೆಸರಿಸಿದೆ. ಸಹಾಯಕ ವೃತ್ತಿಯವರು ಕನಿಷ್ಠ 2,000 ಗಂಟೆಗಳ ಶಿಕ್ಷಣ ಪಡೆದಿರಬೇಕೆಂದು ಅದು ಹೇಳುತ್ತದೆ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ, ಅಂದರೆ 1997ರ ಮೊದಲು, ಇಲ್ಲಿನ ವಿದ್ಯಾರ್ಥಿಗೆ ಆಸ್ಪತ್ರೆಯ ಉದ್ಯೋಗವೆಂದರೆ ಡಾಕ್ಟರು, ನರ್ಸು, ಕಾಂಪೌಂಡರು ಇಷ್ಟೇ ಕಣ್ಣಿಗೆ ಬೀಳುತ್ತಿದ್ದವು. ಈಗ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರಿಗೆ ನಿಮ್ಹಾನ್ಸ್‌ನ ನರಶರೀರಕ್ರಿಯಾ ತಂತ್ರಜ್ಞಾನದ ಶಿಕ್ಷಣವಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನರವಿಜ್ಞಾನ ತಂತ್ರಜ್ಞಾನ ಮತ್ತು ಉಸಿರಾಟ ಆರೈಕೆ ತಂತ್ರಜ್ಞಾನದ ಬಿ.ಎಸ್ಸಿ. ಪದವಿಗಳಿವೆ. ಇವುಗಳಲ್ಲಿ ಯಾವುದರಿಂದಲಾದರೂ ನಿದ್ರಾ ಪ್ರಯೋಗಾಲಯದತ್ತ ಹೋಗಬಹುದು. ಅಮೆರಿಕದ ಆ ಪರೀಕ್ಷೆಯನ್ನು ಬೇರೆ ದೇಶದವರೂ ಬರೆಯಬಹುದು. ಆದರೆ ಒಂದು ಎಚ್ಚರಿಕೆ: ಮೂರೇ ತಿಂಗಳಲ್ಲಿ ಸರ್ಟಿಫಿಕೇಟು ಎನ್ನುವ ಜಾಹೀರಾತು ಕಂಡರೆ, ಹಣ ಕಟ್ಟುವ ಮೊದಲು ಆ 2,000 ಗಂಟೆಗಳ ಲೆಕ್ಕ ಕೇಳಿ, ರೋಗಿಯ ಹಾಸಿಗೆಯ ಬಳಿ ಎಷ್ಟು ರಾತ್ರಿಗಳ ತರಬೇತಿ ಇದೆಯೆಂದೂ ಕೇಳಿ.