ದಂತ ಇಂಪ್ಲಾಂಟ್‌ಗಳಲ್ಲಿ ಪೀಕ್ ಪಾಲಿಮರ್

ಪೀಕ್ ಅಥವಾ ಪಾಲಿಈಥರ್‌ಈಥರ್‌ಕೀಟೋನ್ ಎಂಬುದು ಉಷ್ಣಕ್ಕೆ ಮೃದುವಾಗುವ, ಅರೆಸ್ಫಟಿಕ ರಚನೆಯ ಗಟ್ಟಿಮುಟ್ಟಾದ ಪಾಲಿಮರ್. ಉದುರಿದ ಅಥವಾ ಕಿತ್ತ ಹಲ್ಲಿನ ಬೇರಿಗೆ ಬದಲಾಗಿ ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಬೇರಿಗೆ ದಂತ ಇಂಪ್ಲಾಂಟ್ ಎಂದು ಹೆಸರು. ಈ ಬೇರನ್ನು ಸಾಮಾನ್ಯವಾಗಿ ಟೈಟಾನಿಯಂ ಲೋಹದಿಂದ ತಯಾರಿಸುತ್ತಾರೆ. ಅದಕ್ಕೆ ಪರ್ಯಾಯವಾಗಿ ಪೀಕ್ ಬಳಸಬಹುದೇ, ಬಳಸಬೇಕಾದರೆ ಅದರ ಗುಣಗಳನ್ನು ಹೇಗೆ ಉತ್ತಮಪಡಿಸಬೇಕು ಎಂಬುದು ದಂತವೈದ್ಯ ವಿಜ್ಞಾನದ ಮುಖ್ಯ ಸಂಶೋಧನಾ ವಿಷಯಗಳಲ್ಲೊಂದು.

ಹಿನ್ನೆಲೆ

ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು ೧೯೫೦ರ ದಶಕದಲ್ಲಿ ಮೊಲಗಳ ಮೂಳೆಯ ಅಧ್ಯಯನ ನಡೆಸುತ್ತಿದ್ದಾಗ, ಟೈಟಾನಿಯಂ ಉಪಕರಣವು ಮೂಳೆಯೊಂದಿಗೆ ಬಿಡಿಸಲಾಗದಂತೆ ಬೆಸೆದುಕೊಂಡಿರುವುದನ್ನು ಗಮನಿಸಿದರು. ೧೯೬೫ರಲ್ಲಿ ಅವರು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಟೈಟಾನಿಯಂ ದಂತ ಇಂಪ್ಲಾಂಟ್ ಅಳವಡಿಸಿದರು. ಮೂಳೆ ಮತ್ತು ಇಂಪ್ಲಾಂಟ್‌ಗಳ ಈ ನೇರ ಬೆಸುಗೆಯನ್ನು ‘ಆಸಿಯೊಇಂಟಿಗ್ರೇಷನ್’ ಎನ್ನುತ್ತಾರೆ.

ಪಾಲಿಮರ್‌ಗಳ ಪ್ರಯೋಗವೂ ಹೊಸದೇನಲ್ಲ. ೧೯೬೦ರ ದಶಕದಲ್ಲಿ ಅಮೆರಿಕದ ಮಿಲ್ಟನ್ ಹೊಡೋಶ್ ಮತ್ತು ಸಂಗಡಿಗರು, ಕಟ್ಟಿಸುವ ಹಲ್ಲುಸೆಟ್ಟುಗಳಲ್ಲಿ ಬಳಕೆಯಲ್ಲಿದ್ದ ಅಕ್ರಿಲಿಕ್ ಪ್ಲಾಸ್ಟಿಕ್‌ನಿಂದ ಹಲ್ಲಿನ ಪ್ರತಿಕೃತಿಗಳನ್ನು ತಯಾರಿಸಿ ದವಡೆಯಲ್ಲಿ ಕೂರಿಸಿ ನೋಡಿದರು. ಆದರೆ ಮೂಳೆ ಅವುಗಳಿಗೆ ನೇರವಾಗಿ ಅಂಟಿಕೊಳ್ಳದೆ, ನಡುವೆ ನಾರಿನಂತಹ ಮೃದು ಅಂಗಾಂಶ ಬೆಳೆಯಿತು.

ಪೀಕ್ ಪಾಲಿಮರ್ ಅನ್ನು ೧೯೭೮ರಲ್ಲಿ ಬ್ರಿಟನ್ನಿನ ಐ.ಸಿ.ಐ. ಸಂಸ್ಥೆಯ ವಿಜ್ಞಾನಿಗಳು ರೂಪಿಸಿದರು. ಮೊದಲು ಕೈಗಾರಿಕೆ ಮತ್ತು ವಿಮಾನಗಳ ಬಿಡಿಭಾಗಗಳಲ್ಲಿ ಬಳಕೆಯಾದ ಇದು, ೧೯೯೦ರ ದಶಕದ ಕೊನೆಯ ವೇಳೆಗೆ ದೇಹದೊಳಗೆ ಇಡಬಹುದಾದ ದರ್ಜೆಯಲ್ಲಿ ದೊರೆಯತೊಡಗಿತು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಲ್ಲಿ ಇದು ವ್ಯಾಪಕವಾಗಿ ಬಳಕೆಯಲ್ಲಿದೆ.

ರಚನೆ ಮತ್ತು ಗುಣಗಳು

ಪೀಕ್ ಸರಪಳಿಯ ಪ್ರತಿಯೊಂದು ಘಟಕದಲ್ಲಿ ಮೂರು ಬೆಂಜೀನ್ ಉಂಗುರಗಳು, ಎರಡು ಈಥರ್ ಬಂಧಗಳು ಹಾಗೂ ಒಂದು ಕೀಟೋನ್ ಗುಂಪು ಇರುತ್ತವೆ. ಹೆಸರು ಬಂದಿರುವುದು ಇದರಿಂದಲೇ. ಇದು ಸುಮಾರು ೩೪೩ ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದ್ದರಿಂದ ಆಸ್ಪತ್ರೆಗಳಲ್ಲಿ ಹಬೆಯಿಂದ ಕ್ರಿಮಿಶುದ್ಧಿ ಮಾಡಿದರೂ ಆಕಾರ ಕೆಡುವುದಿಲ್ಲ. ಕ್ಷ-ಕಿರಣಗಳು ಇದರ ಮೂಲಕ ಹಾದುಹೋಗುವುದರಿಂದ, ಲೋಹದ ಸುತ್ತ ಚಿತ್ರದಲ್ಲಿ ಕಾಣುವ ಗೊಂದಲ ಇಲ್ಲಿ ಉಂಟಾಗುವುದಿಲ್ಲ.

ಪೀಕ್‌ನತ್ತ ಸಂಶೋಧಕರ ಗಮನ ಹರಿಯಲು ಮುಖ್ಯ ಕಾರಣ ಅದರ ಬಿಗುಪು. ವಸ್ತುವೊಂದು ಬಾಗುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಸೂಚಿಸುವ ಸ್ಥಿತಿಸ್ಥಾಪಕ ಗುಣಾಂಕದ ಅಂದಾಜು ಮೌಲ್ಯಗಳು ಹೀಗಿವೆ:

• ಶುದ್ಧ ಪೀಕ್ – ೩ರಿಂದ ೪ ಗಿಗಾಪ್ಯಾಸ್ಕಲ್
• ಮೂಳೆಯ ದಟ್ಟವಾದ ಹೊರಪದರ – ಸುಮಾರು ೧೪ ಗಿಗಾಪ್ಯಾಸ್ಕಲ್
• ಇಂಗಾಲದ ಎಳೆ ಸೇರಿಸಿದ ಪೀಕ್ – ಸುಮಾರು ೧೮ ಗಿಗಾಪ್ಯಾಸ್ಕಲ್
• ಟೈಟಾನಿಯಂ – ೧೦೦ ಗಿಗಾಪ್ಯಾಸ್ಕಲ್‌ಗಿಂತ ಹೆಚ್ಚು

ಮೂಳೆಯು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಬೆಳೆಯುತ್ತದೆ, ಭಾರವಿಲ್ಲದಿದ್ದರೆ ಸವೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಶಸ್ತ್ರವೈದ್ಯ ಯೂಲಿಯುಸ್ ವುಲ್ಫ್ ಈ ತತ್ತ್ವವನ್ನು ಪ್ರತಿಪಾದಿಸಿದರು. ಮೂಳೆಗಿಂತ ಬಹಳ ಬಿಗುವಾದ ಲೋಹವು ಅಗಿಯುವ ಒತ್ತಡದ ಹೆಚ್ಚಿನ ಪಾಲನ್ನು ತಾನೇ ಹೊತ್ತುಕೊಂಡರೆ ಸುತ್ತಲಿನ ಮೂಳೆ ಕ್ಷೀಣಿಸಬಹುದು. ಮೂಳೆಯಷ್ಟೇ ಬಿಗುಪಿನ ವಸ್ತುವಾದರೆ ಈ ತೊಂದರೆ ಕಡಿಮೆಯಾದೀತೆಂಬುದು ಪೀಕ್ ಪರವಾದ ವಾದ. ಲೋಹದ ಅಲರ್ಜಿ ಉಳ್ಳವರಿಗೂ ಇದು ಆಶಾದಾಯಕ ವಸ್ತುವಾಗಿದೆ.

ಮುಖ್ಯ ಕೊರತೆ

ಪೀಕ್ ದೇಹಕ್ಕೆ ಹಾನಿ ಮಾಡುವುದಿಲ್ಲ, ಆದರೆ ದೇಹದೊಂದಿಗೆ ಬೆರೆಯುವುದೂ ಇಲ್ಲ. ಇದರ ಮೇಲ್ಮೈ ನೀರನ್ನು ಸುಲಭವಾಗಿ ಹಿಡಿದುಕೊಳ್ಳದು. ಹೀಗಾಗಿ ಮೂಳೆಯನ್ನು ಕಟ್ಟುವ ಜೀವಕೋಶಗಳು ಇದಕ್ಕೆ ಚೆನ್ನಾಗಿ ಅಂಟಿಕೊಳ್ಳುವುದಿಲ್ಲ. ಮೂಳೆಯ ಬೆಸುಗೆ ದುರ್ಬಲವಾದರೆ ಇಂಪ್ಲಾಂಟ್ ಸಡಿಲಗೊಂಡು ಉದುರಬಹುದು. ಮೊದಲೇ ಹಲ್ಲು ಕಳೆದುಕೊಂಡ ರೋಗಿಯು ಅದರೊಂದಿಗೆ ದವಡೆಯ ಮೂಳೆಯನ್ನೂ ಕಳೆದುಕೊಳ್ಳುವ ಅಪಾಯವಿರುವುದರಿಂದ ಈ ಕೊರತೆಯನ್ನು ಸಣ್ಣದೆಂದು ಕಡೆಗಣಿಸುವಂತಿಲ್ಲ.

ಸುಧಾರಣೆಯ ವಿಧಾನಗಳು

ಮೇಲ್ಮೈ ಸಂಸ್ಕರಣೆ: ಮರಳಿನಂತಹ ಕಣಗಳನ್ನು ರಭಸದಿಂದ ಚಿಮ್ಮಿಸಿ ಮೇಲ್ಮೈಯನ್ನು ಒರಟಾಗಿಸಬಹುದು. ಪ್ಲಾಸ್ಮಾ ಸಂಸ್ಕರಣೆಯಿಂದ ಅದನ್ನು ನೀರು ಹಿಡಿಯುವಂತೆ ಮಾಡಬಹುದು. ಪ್ರಬಲ ಗಂಧಕಾಮ್ಲದಲ್ಲಿ ಅದ್ದಿದಾಗ ಮೇಲ್ಮೈಯಲ್ಲಿ ಸೂಕ್ಷ್ಮ ರಂಧ್ರಗಳ ಜಾಲ ಮೂಡುತ್ತದೆ. ಆದರೆ ಉಳಿದ ಆಮ್ಲವನ್ನು ಪೂರ್ತಿಯಾಗಿ ತೊಳೆದು ತೆಗೆಯದಿದ್ದರೆ ಜೀವಕೋಶಗಳಿಗೆ ಹಾನಿಯಾಗುತ್ತದೆ.

ಲೇಪನ: ಮೂಳೆಯ ಖನಿಜಾಂಶವನ್ನು ಹೋಲುವ ಹೈಡ್ರಾಕ್ಸಿಅಪಟೈಟ್ ಅಥವಾ ಟೈಟಾನಿಯಂನ ತೆಳುಪದರವನ್ನು ಲೇಪಿಸುತ್ತಾರೆ. ಪದರವು ಕಾಲಕ್ರಮೇಣ ಕಿತ್ತುಬರುವ ಸಾಧ್ಯತೆ ಹಾಗೂ ಲೇಪನದ ಶಾಖದಿಂದ ಪಾಲಿಮರ್ ಕೆಡುವ ಸಾಧ್ಯತೆ ಇಲ್ಲಿನ ಸವಾಲುಗಳು.

ಮಿಶ್ರವಸ್ತು: ಹೈಡ್ರಾಕ್ಸಿಅಪಟೈಟ್ ಅಥವಾ ಟೈಟಾನಿಯಂ ಡೈಆಕ್ಸೈಡ್‌ನ ನ್ಯಾನೊ ಕಣಗಳನ್ನು ಪಾಲಿಮರ್‌ನೊಳಗೇ ಬೆರೆಸುತ್ತಾರೆ. ಖನಿಜದ ಪ್ರಮಾಣ ಹೆಚ್ಚಾದರೆ ವಸ್ತು ಪೆಡಸಾಗುತ್ತದೆ. ಇಂಗಾಲದ ಎಳೆಗಳು ಬಲ ಹೆಚ್ಚಿಸುತ್ತವೆಯಾದರೂ ಅವುಗಳ ಕಪ್ಪು ಬಣ್ಣ ಬಾಯಿಯೊಳಗಿನ ಅಂದಕ್ಕೆ ಹೊಂದುವುದಿಲ್ಲ. ಗಾಜಿನ ಎಳೆಗಳಿಗೆ ಆ ದೋಷವಿಲ್ಲ.

ಸೂಕ್ಷ್ಮಾಣು ನಿರೋಧ: ಇಂಪ್ಲಾಂಟ್ ಸುತ್ತಲಿನ ಒಸಡು ಮತ್ತು ಮೂಳೆಯ ಸೋಂಕನ್ನು ತಡೆಯಲು ಬೆಳ್ಳಿಯ ನ್ಯಾನೊ ಕಣಗಳಂತಹ ಸೂಕ್ಷ್ಮಾಣುನಾಶಕಗಳನ್ನು ಸೇರಿಸುವ ಪ್ರಯೋಗಗಳೂ ನಡೆದಿವೆ.

ಬಳಕೆ ಮತ್ತು ಮಿತಿಗಳು

ದಂತವೈದ್ಯದಲ್ಲಿ ಪೀಕ್ ಹೆಚ್ಚಾಗಿ ಬಳಕೆಯಾಗುವುದು ಬೇರಿನ ಭಾಗಕ್ಕಲ್ಲ. ಒಸಡು ಮಾಯುವವರೆಗೆ ಇಂಪ್ಲಾಂಟ್ ಮೇಲೆ ಕೂರಿಸುವ ತಾತ್ಕಾಲಿಕ ಭಾಗಗಳು, ತೆಗೆದು ಹಾಕಬಹುದಾದ ಹಲ್ಲುಸೆಟ್ಟಿನ ಚೌಕಟ್ಟು ಮತ್ತು ಕೊಂಡಿಗಳನ್ನು ಇದರಿಂದ ತಯಾರಿಸುತ್ತಾರೆ. ಗಣಕಯಂತ್ರದ ನೆರವಿನಿಂದ ಕೊರೆದು ಅಥವಾ ಮೂರು ಆಯಾಮದ ಮುದ್ರಣದಿಂದ ರೋಗಿಯ ಅಳತೆಗೆ ತಕ್ಕಂತೆ ಇವನ್ನು ರೂಪಿಸಬಹುದು.

ಕಡಿಮೆ ಬಿಗುಪು ಎಲ್ಲ ಸಂದರ್ಭಗಳಲ್ಲೂ ಅನುಕೂಲವೆಂದು ಸಿದ್ಧವಾಗಿಲ್ಲ. ಕೆಲವು ಗಣಕ ಮಾದರಿ ಅಧ್ಯಯನಗಳಲ್ಲಿ ಪೀಕ್ ಇಂಪ್ಲಾಂಟ್‌ನ ಕುತ್ತಿಗೆಯ ಬಳಿಯ ಮೂಳೆಯಲ್ಲಿ ಒತ್ತಡ ಟೈಟಾನಿಯಂನದ್ದಕ್ಕಿಂತ ಹೆಚ್ಚಾಗಿ ಕಂಡುಬಂದಿದೆ. ಸುಧಾರಿತ ಪೀಕ್ ಕುರಿತ ಬಹುಪಾಲು ಫಲಿತಾಂಶಗಳು ಪ್ರಯೋಗಶಾಲೆ ಮತ್ತು ಪ್ರಾಣಿಗಳ ಮೇಲಿನ ಅಧ್ಯಯನಗಳಿಂದ ಬಂದವು. ಟೈಟಾನಿಯಂ ಬಳಕೆಗೆ ಅರ್ಧ ಶತಮಾನಕ್ಕೂ ಮೀರಿದ ಅನುಭವದ ಆಧಾರವಿದೆ. ಮನುಷ್ಯರಲ್ಲಿ ಪೀಕ್ ಬೇರುಗಳ ದೀರ್ಘಕಾಲದ ಅನುಭವ ಅಷ್ಟು ಇಲ್ಲದಿರುವುದರಿಂದ ಟೈಟಾನಿಯಂ ಈಗಲೂ ಮೊದಲ ಆಯ್ಕೆಯಾಗಿ ಉಳಿದಿದೆ.